ಸಿ ಒಳಗ ಏನರ ಐತೇನ್ರಿ?

ದಾಂಡೇಲಿಯಲ್ಲಿ ಕಂಪ್ಯೂಟರ್ ಕೆಡುವುದಕ್ಕೆಂದೇ ಒಂದು ಕಾಲವಿದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಕಾಡಿನಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ, ಕರೆಂಟು ಹೋಗುತ್ತದೆ. ಬಂತು ಎಂದು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಹೋಗುತ್ತದೆ. ಸೂಪಾದಲ್ಲಿ ಅಷ್ಟು ನೀರು ನಿಲ್ಲಿಸಿಕೊಂಡು, ನಾಗಝರಿಯಲ್ಲಿ ಕರೆಂಟು ಹುಟ್ಟಿಸಿ ಊರೂರಿಗೆ ಕಳಿಸುವ ಕಾಳಿ ನದಿಯ ದಂಡೆಯಲ್ಲೇ ಕೂತು ನಾವು ಮೇಣದಬತ್ತಿ ಹುಡುಕುತ್ತೇವೆ. ಯುಪಿಎಸ್ ಎನ್ನುವ ಪೆಟ್ಟಿಗೆ ನಮ್ಮ ಮನೆಯಲ್ಲೂ ಇದೆ. ಅದರ ಬ್ಯಾಟರಿ ಯಾವಾಗಲೋ ಸತ್ತಿದೆ. ಈಗ ಅದರ ಮೇಲೆ ನನ್ನ ಕನ್ನಡಕ ಮತ್ತು ಮನೆಯವಳ ರಕ್ತದೊತ್ತಡದ ಮಾತ್ರೆ ಇರುತ್ತವೆ. ಈ ಹೋಗಿ ಬರುವ ಕರೆಂಟಿನ ಕೈಗೆ ಸಿಕ್ಕ ವಿಂಡೋಸ್ ಒಂದು ಬೆಳಿಗ್ಗೆ ನೀಲಿ ಪರದೆ ತೋರಿಸಿ, ಅದರ ಮೇಲೊಂದು ಅಳುಮುಖ ಬಿಡಿಸಿ, ಮಲಗಿಬಿಟ್ಟಿತು.

ಸಿಪಿಯು ಎತ್ತಿಕೊಂಡು ಜೆ.ಎನ್. ರಸ್ತೆಯ ಕಡೆ ಹೊರಟೆ. ಅಲ್ಲಿನ ರಿಪೇರಿ ಹುಡುಗ ಯಂತ್ರದ ಮುಖ ನೋಡುವುದಕ್ಕಿಂತ ಮೊದಲು ಯಜಮಾನನ ಮುಖ ನೋಡುತ್ತಾನೆ. ಪೇಪರ್ ಮಿಲ್ಲಿನ ಊರಿನಲ್ಲಿ ಹುಟ್ಟಿ ಬೆಳೆದವನು. ಕನ್ನಡ, ಮರಾಠಿ, ಹಿಂದಿ, ಕೊಂಕಣಿ, ತೆಲುಗು ಇಷ್ಟರಲ್ಲಿ ಗಿರಾಕಿಗೆ ಯಾವುದು ಬೇಕೋ ಅದರಲ್ಲಿ ಕೆಟ್ಟ ಸುದ್ದಿ ಹೇಳಬಲ್ಲ. ನನಗೆ ಕನ್ನಡದಲ್ಲಿ ಹೇಳಿದ:

“ಫಾರ್ಮ್ಯಾಟ್ ಹೊಡೀಬೇಕ್ರಿ ಸರ. ಸಿ ಒಳಗ ಏನರ ಐತೇನ್ರಿ?”

ಲೇಖಕನೆಂಬ ಗತ್ತಿನಲ್ಲಿ ಉತ್ತರ ಕೊಟ್ಟೆ. “ಸಿ ಒಳಗೂ ಇಲ್ಲ, ಡಿ ಒಳಗೂ ಇಲ್ಲ. ನಂದು ಏನಿದ್ದರೂ ಎಲ್ಲ ಡೆಸ್ಕ್‌ಟಾಪ್ ಮೇಲಿದೆ.”

ಹುಡುಗ ಸ್ಕ್ರೂಡ್ರೈವರ್ ಕೆಳಗಿಟ್ಟ. “ಡೆಸ್ಕ್‌ಟಾಪ್ ಎಲ್ಲೈತಿ ಅಂತ ತಿಳದೀರಿ ಸರ?”

ನಾನು ತಿಳಿದದ್ದು ಇಷ್ಟೇ: ಡೆಸ್ಕ್‌ಟಾಪ್ ಎಂದರೆ ಗಾಜಿನ ಹಿಂದೆ, ಮಾನಿಟರಿನಲ್ಲಿ ಇರುತ್ತದೆ. ಅದಕ್ಕೇ ಮಾನಿಟರನ್ನು ಮನೆಯಲ್ಲಿ ಜೋಪಾನವಾಗಿ ಬಟ್ಟೆ ಹೊದಿಸಿ ಬಿಟ್ಟು ಬಂದಿದ್ದೆ. ಇದನ್ನು ಅವನಿಗೆ ಹೇಳಲಿಲ್ಲ. ಬೆಂಚಿನ ಮೇಲೆ ಇನ್ನಿಬ್ಬರು ಗಿರಾಕಿಗಳಿದ್ದರು.

ಅವನು ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿ ತೋರಿಸಿದ. ಸಿ ಡ್ರೈವ್ ತೆರೆದ. ಒಳಗೆ ಮುಖ್ಯವಾಗಿ ಮೂರು ಫೋಲ್ಡರು: ವಿಂಡೋಸ್, ಪ್ರೋಗ್ರಾಂ ಫೈಲ್ಸ್, ಯೂಸರ್ಸ್. ಮೊದಲನೆಯದು ಯಂತ್ರ ನಡೆಸುವ ವ್ಯವಸ್ಥೆ, ಎರಡನೆಯದು ನಾವು ಹಾಕಿಸಿಕೊಂಡ ವರ್ಡ್, ಟ್ಯಾಲಿ, ನುಡಿ ಇತ್ಯಾದಿ. ಮೂರನೆಯದರಲ್ಲಿ ನನ್ನ ಹೆಸರು. ಹೆಸರಿನೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಅಂದರೆ ನಾನು ಇಷ್ಟು ಕಾಲ ಎಲ್ಲಿ ಏನು ಇಟ್ಟರೂ, ಏನೂ ಯೋಚಿಸದೆ ಇಟ್ಟರೆ, ಅದು ಹೋಗಿ ಕೂರುವುದು ಸಿ ಒಳಗೇ. ಫಾರ್ಮ್ಯಾಟ್ ಹೊಡೆಯುವುದೂ ಅದಕ್ಕೇ. ಡಿ ಡ್ರೈವ್ ತೆರೆದ. ಅಲ್ಲಿ ಒಂದು ಹಳೇ ಸಿನಿಮಾ, “ಸೆಟಪ್” ಎಂಬ ಫೋಲ್ಡರು, ವಿಶಾಲವಾದ ಮೌನ.

ನನ್ನ ಡೆಸ್ಕ್‌ಟಾಪಿನ ವರ್ಣನೆ ಇಲ್ಲಿ ಅಗತ್ಯ. ಹಿನ್ನೆಲೆಗೆ ಜೋಯಿಡಾದ ಸಿಂಥೇರಿ ಬಂಡೆಯ ಚಿತ್ರ ಹಾಕಿದ್ದೇನೆ. ಹಾಕಿದ್ದೇನೆ ಎಂದು ನನ್ನ ನೆನಪು. ಐಕಾನುಗಳ ಸಂದಿಯಲ್ಲಿ ಬಂಡೆಯ ಒಂದು ಚೂರು ಈಗಲೂ ಕಂಡೀತು. ಮುಖ್ಯವಾದ ಫೋಲ್ಡರುಗಳು ನಾಲ್ಕು: “ಬೇಕು”, “ಬೇಕಾಗಬಹುದು”, “ಬೇಡ ಆದರೆ ಇರಲಿ”, ಮತ್ತು “ಇದು ಯಾರದು”. ಇವುಗಳ ಸುತ್ತ ಅನಾಥವಾಗಿ ಬಿದ್ದಿರುವವು: ಪತ್ರಿಕೆಗಳಿಂದ ಮರಳಿ ಬಂದ ನನ್ನ ಹಾಸ್ಯ ಲೇಖನಗಳು, ಪಿಂಚಣಿಯ ಅರ್ಜಿ, ಮನೆ ಕರದ ರಸೀದಿ, ಮಂಗಟ್ಟೆ ಹಕ್ಕಿಯ ಫೋಟೋಗಳು. ದಾಂಡೇಲಿಯಲ್ಲಿದ್ದು ಮಂಗಟ್ಟೆಯ ಫೋಟೋ ತೆಗೆಯದಿದ್ದರೆ ನೆಂಟರು ಮಾತನಾಡಿಸುವುದಿಲ್ಲ. ನನ್ನವುಗಳಲ್ಲಿ ಹಕ್ಕಿ ಆಗಷ್ಟೇ ಹಾರಿಹೋದ ಕೊಂಬೆ ಬಹಳ ಸ್ಪಷ್ಟವಾಗಿ ಮೂಡಿದೆ.

ಹುಡುಗ ಒಳ್ಳೆಯವನು. ಎಲ್ಲವನ್ನೂ ಡಿ ಗೆ ನಕಲು ಮಾಡಿ, ಆಮೇಲೆ ಸಿ ಒರೆಸಿ, ವಿಂಡೋಸ್ ಹೊಸದಾಗಿ ಹಾಕಿ ಕಳಿಸಿದ. ಕಳಿಸುವಾಗ ಎಚ್ಚರಿಕೆ ಕೊಟ್ಟ: “ಸಿಸ್ಟಂ, ಪ್ರೋಗ್ರಾಂ ಸಿ ದಾಗ ಇರ್ಲಿ. ನಿಮ್ಮ ಡಾಟಾ ಡಿ ದಾಗ ಇಡ್ರಿ. ಇನ್ನೊಮ್ಮಿ ನಾ ಕೇಳಂಗಿಲ್ಲ, ಒರಸೇ ಬಿಡ್ತೀನಿ.”

ಮನೆಗೆ ಬಂದು ಈ ಜ್ಞಾನವನ್ನು ಹಂಚಿದೆ. ಮನೆಯವಳು ಅನ್ನಕ್ಕೆ ಇಟ್ಟು ಕೇಳಿಸಿಕೊಂಡಳು. “ಅಲ್ರೀ, ನನ್ನ ಫೋನು ಅಷ್ಟ ಸಲ ಅಪ್ಡೇಟ್ ಆತು. ರಾತ್ರಿ ತಾನ ಆಗ್ತೈತಿ, ಬೆಳಿಗ್ಗೆ ಎಲ್ಲಾ ಫೋಟೋ ಇದ್ದಲ್ಲೇ ಇರ್ತಾವ. ನಿಮ್ಮ ಕಂಪ್ಯೂಟರಿಗೆ ಮಾತ್ರ ಪ್ರತಿ ಮಳೆಗಾಲಕ್ಕ ಪುನರ್ಜನ್ಮ ಯಾಕ?”

ಉತ್ತರ ಗೊತ್ತಿಲ್ಲದಾಗ ನಾನು ಪುಸ್ತಕ ಓದುತ್ತೇನೆ. ಓದಿ, ಆಕೆ ಹೇಳಿದ್ದೇ ಸರಿ ಎಂದು ತಿಳಿದರೆ ಸುಮ್ಮನಾಗುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ಸಿಸ್ಟಮ್ಮಿಗೆ ಒಂದು ಭಾಗ, ಬಳಸುವವರ ಡಾಟಾಗೆ ಇನ್ನೊಂದು ಭಾಗ ಎಂದು ಕಾರ್ಖಾನೆಯಲ್ಲೇ ಗೆರೆ ಕೊಯ್ದಿರುತ್ತಾರೆ. ಸಿಸ್ಟಮ್ಮಿನ ಭಾಗವನ್ನು ನಾವು ಓದಬಹುದು, ಬರೆಯಲಾಗದು. ಅಪ್ಡೇಟ್ ಬಂದರೆ ಅದೊಂದೇ ಬದಲಾಗುತ್ತದೆ, ನಮ್ಮ ಫೋಟೋ ಅಲುಗುವುದಿಲ್ಲ. ಇನ್ನೊಂದು ವಿಚಿತ್ರ: ಫೋನಿನ ಫ್ಯಾಕ್ಟರಿ ರಿಸೆಟ್ ನಮ್ಮ ಡಾಟಾವನ್ನು ಒರೆಸಿ ಸಿಸ್ಟಮ್ಮನ್ನು ಉಳಿಸುತ್ತದೆ, ಕಂಪ್ಯೂಟರಿನಲ್ಲಿ ಹುಡುಗ ಸಿ ಒರೆಸುವುದು ಸಿಸ್ಟಮ್ಮನ್ನು ತೆಗೆದು ಡಿ ಯನ್ನು ಉಳಿಸಲಿಕ್ಕೆ. ಎರಡಕ್ಕೂ ನಮ್ಮೂರಲ್ಲಿ “ಫಾರ್ಮ್ಯಾಟ್” ಎಂದೇ ಅನ್ನುತ್ತಾರೆ. ಹೀಗಾಗಿ “ಫೋನು ಸ್ಲೋ ಆಗೈತಿ, ನಿಮ್ಮ ಕಂಪ್ಯೂಟರಿಗೆ ಮಾಡಿದಂಗ ಮಾಡಿ ಕೊಡ್ರಿ” ಎಂದು ಪಕ್ಕದ ಮನೆಯವರು ಬಂದಾಗ ನಾನು ಮೊದಲ ಬಾರಿಗೆ ತಜ್ಞನಂತೆ ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಅವರ ಮೊಮ್ಮಗಳ ನಾಮಕರಣದ ವಿಡಿಯೋ ಅದರಲ್ಲಿತ್ತು.

ಕಂಪ್ಯೂಟರಿನಲ್ಲೂ ಮೊದಲು ಈ ಬೇರ್ಪಾಡು ತಾನಾಗಿಯೇ ಇತ್ತಂತೆ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆ ಹಾರ್ಡ್ ಡಿಸ್ಕೇ ಇರಲಿಲ್ಲ. ಫ್ಲಾಪಿಗಳಿದ್ದವು, ಎ ಮತ್ತು ಬಿ. ಒಂದು ಫ್ಲಾಪಿಯಲ್ಲಿ ಡಾಸ್ ಮತ್ತು ಪ್ರೋಗ್ರಾಂ, ಇನ್ನೊಂದರಲ್ಲಿ ನಮ್ಮ ಬರಹ. ಎರಡನ್ನೂ ಕೈಯಲ್ಲಿ ಹಿಡಿದು ನೋಡಬಹುದಿತ್ತು. 1983ರ ಪಿಸಿ ಎಕ್ಸ್‌ಟಿಯಲ್ಲಿ ಹಾರ್ಡ್ ಡಿಸ್ಕ್ ಬಂತು, ಎ ಮತ್ತು ಬಿ ಆಗಲೇ ಖರ್ಚಾಗಿದ್ದರಿಂದ ಅದು ಸಿ ಆಯಿತು. ಅದರ ಜಾಗ 10 ಎಂಬಿ. ನನ್ನ ಮಂಗಟ್ಟೆ ಕೊಂಬೆಯ ಫೋಟೋ ಎರಡು ಹಿಡಿದರೆ ತುಂಬಿತು. ಆದರೆ ಆ ಕಾಲಕ್ಕೆ ಅದು ಅರಮನೆ. ಎಲ್ಲರೂ ಎಲ್ಲವನ್ನೂ ಅಲ್ಲೇ ತುಂಬಿದರು. ಫ್ಲಾಪಿಗಳು ಹೋದವು, ಎ ಮತ್ತು ಬಿ ಎಂಬ ಅಕ್ಷರಗಳು ಇಂದಿಗೂ ಖಾಲಿ ಬಿದ್ದಿವೆ. ಜಾಗ ಹೆಚ್ಚಾದಾಗ ಶಿಸ್ತು ಹೋಯಿತು ಎಂಬ ನನ್ನ ಸಿದ್ಧಾಂತಕ್ಕೆ ಮನೆಯವಳು ನನ್ನ ಮೇಜಿನ ಡ್ರಾಯರನ್ನು ಸಾಕ್ಷಿಯಾಗಿ ಎಳೆದು ತೋರಿಸಿದಳು.

ಈ ವಿಷಯ ನನಗೆ ಪೂರ್ತಿ ಅರ್ಥವಾದದ್ದು ಪುಸ್ತಕದಿಂದಲೂ ಅಲ್ಲ, ಹುಡುಗನಿಂದಲೂ ಅಲ್ಲ. ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದ ನನ್ನ ಮಾವನವರಿಂದ.

ಮಾವನವರು ಹಳೆಯ ಸೂಪಾದವರು. ಈಗಿನ ಜೋಯಿಡಾ ತಾಲ್ಲೂಕಿಗೆ ಮೊದಲು ಸೂಪಾ ತಾಲ್ಲೂಕೆಂದೇ ಹೆಸರಿತ್ತು. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡವಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, ಸೂಪಾ ಪೇಟೆ ಹಿನ್ನೀರಿನ ಅಡಿಗೆ ಹೋಯಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಬಹಳ ಮನೆತನಗಳು ರಾಮನಗರಕ್ಕೆ. ಮಾವನವರು ರಾಮನಗರದವರಾದದ್ದು ಹಾಗೆ. ಹಬ್ಬಕ್ಕೆ ನಮ್ಮಲ್ಲಿಗೆ ಬಂದಿದ್ದರು. ನಾನು ಸಿ, ಡಿ ಎಂದು ಮನೆಯವಳ ಹತ್ತಿರ ವಾದಿಸುವುದನ್ನು ಕವಳ ಹಾಕಿಕೊಂಡು ಕೇಳುತ್ತ ಕೂತಿದ್ದವರು ನಡುವೆ ಒಂದು ಪ್ರಶ್ನೆ ಹಾಕಿದರು.

“ಅಳಿಯಾರ, ಮುಳುಗೂದು ಯಾವ ಭಾಗ?”

“ಸಿ, ಮಾವ.”

“ಮುಳುಗತೈತಿ ಅಂತ ಗ್ಯಾರಂಟಿ ಐತಿ?”

“ಇವತ್ತಲ್ಲ ನಾಳೆ. ವರ್ಷಕ್ಕೋ ಎರಡು ವರ್ಷಕ್ಕೋ.”

“ಡಿ ಎತ್ತರದಾಗ ಐತಿ?”

“ಹೌದು.”

“ಮತ್ತ ಸಾಮಾನು ಸಿ ದಾಗ ಇಟಗೊಂಡು ಯಾಕ ಕುಂತೀರಿ?”

ಇಷ್ಟು ಸರಳ ಪ್ರಶ್ನೆಯನ್ನು ಇಷ್ಟು ಸರಳವಾಗಿ ಕೇಳುವವರ ಎದುರು ಪರಿಭಾಷೆ ಬಳಸುವುದು ಕಷ್ಟ. ನಾನು ಪ್ರೋಗ್ರಾಂಗಳನ್ನೂ ಡಿ ಗೆ ಸಾಗಿಸಬೇಕೇ ಎಂಬ ನನ್ನ ಸಂಶಯ ಮುಂದಿಟ್ಟೆ. ಅವರು ಕವಳ ಉಗಿದು ಬಂದು ಕೂತರು. “ನಾವು ಊರು ಬಿಡೂಮುಂದ ಅಜ್ಜನ ಫೋಟೋ, ದೇವರ ಪೆಟಗಿ, ಜಮೀನಿನ ಕಾಗದ ಮೊದಲು ಹೊತಗೊಂಡು ಬಂದ್ವಿ. ಗ್ವಾಡಿ ಬಿಟ್ಟ ಬಂದ್ವಿ. ಗ್ವಾಡಿ ಎಲ್ಲೆರ ಕಟ್ಟಬಹುದು. ಅಜ್ಜನ ಫೋಟೋ ಎಲ್ಲಿ ಸಿಗತೈತಿ?”

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಾನು ಮಾತ್ರ ಪೆನ್ನು ಹುಡುಕಿದೆ. ಮತ್ತೆ ಸಿಗುವುದು ಸಿ ಗೆ, ಮತ್ತೆ ಸಿಗದೇ ಇರುವುದು ಡಿ ಗೆ. ವಿಂಡೋಸ್ ಮತ್ತೆ ಸಿಗುತ್ತದೆ, ವರ್ಡ್ ಮತ್ತೆ ಸಿಗುತ್ತದೆ, ಪ್ರಿಂಟರಿನ ಡ್ರೈವರ್ ಕೂಡ ಸಿಗುತ್ತದೆ, ಸ್ವಲ್ಪ ಅತ್ತರೆ. ಪಿಂಚಣಿ ಅರ್ಜಿಯ ಪ್ರತಿ ಸಿಗುವುದಿಲ್ಲ. ನನ್ನ ಲೇಖನಗಳೂ ಸಿಗುವುದಿಲ್ಲ. ಇದನ್ನು ಒಂದು ಲಾಭವೆಂದು ಲೆಕ್ಕ ಹಾಕುವವರು ಮನೆಯಲ್ಲೇ ಇದ್ದಾರೆ. ಈ ಸೂತ್ರವನ್ನು ಅಲ್ಲಿಂದ ಮುಂದೆ ನಾನು ಎಲ್ಲ ಕಡೆ ನನ್ನದೇ ಎಂದು ಹೇಳಿಕೊಂಡು ತಿರುಗಿದೆ.

ಕಾರ್ಯಾಚರಣೆ ಆರಂಭವಾಯಿತು. ವಿಂಡೋಸಿನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳ ವಿಳಾಸವನ್ನೇ ಬದಲಿಸಲು ದಾರಿ ಇದೆ: ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಹಾಗೆ ಮಾಡಿದರೆ ಡೆಸ್ಕ್‌ಟಾಪ್ ಕಣ್ಣಿಗೆ ಇದ್ದಲ್ಲೇ ಇರುತ್ತದೆ, ಒಳಗೆ ಮಾತ್ರ ಡಿ ಗೆ ಹೋಗಿರುತ್ತದೆ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಉಪಾಯ. ಇದರಲ್ಲಿ ಒಂದೇ ಷರತ್ತು: ಡಿ ಒಳಗೆ ಮೊದಲು ಒಂದು ಫೋಲ್ಡರು ಮಾಡಿ, ಆ ಫೋಲ್ಡರನ್ನು ತೋರಿಸಬೇಕು. ಷರತ್ತುಗಳನ್ನು ನಾನು ಕೊನೆಯಲ್ಲಿ ಓದುವವನು. ನೇರವಾಗಿ ಡಿ ಯನ್ನೇ ತೋರಿಸಿದೆ. “ಹೌದೇ?” ಎಂದು ಕೇಳಿತು. “ಹೌದು” ಎಂದೆ.

ಈಗ ಡಿ ಎನ್ನುವುದೇ ನನ್ನ ಡೆಸ್ಕ್‌ಟಾಪ್ ಆಯಿತು. ಡಿ ಯಲ್ಲಿದ್ದ ಸಿನಿಮಾ, ಸೆಟಪ್, ಹುಡುಗ ನಕಲು ಮಾಡಿಟ್ಟಿದ್ದ ಹಳೆಯ ಡೆಸ್ಕ್‌ಟಾಪ್, ಆ ಹಳೆಯ ಡೆಸ್ಕ್‌ಟಾಪಿನೊಳಗಿನ ಅದಕ್ಕೂ ಹಳೆಯ ಡೆಸ್ಕ್‌ಟಾಪ್ ಎಲ್ಲ ಬಂದು ಹೊಸ ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡವು. ಸಿಂಥೇರಿಯ ಕೊನೆಯ ಚೂರೂ ಮುಚ್ಚಿತು. ಹಿಂದಕ್ಕೆ ಕಳಿಸೋಣವೆಂದರೆ ವಿಂಡೋಸ್ ಒಪ್ಪುವುದಿಲ್ಲ. ಒಂದು ಡ್ರೈವಿನ ಬುಡವನ್ನೇ ಎತ್ತಿ ಬೇರೆಡೆ ಇಡು ಎಂದರೆ ಅದು ಹೇಗೆ ಇಟ್ಟೀತು? ಕೊನೆಗೆ ಜೆ.ಎನ್. ರಸ್ತೆಯ ಹುಡುಗನೇ ಮನೆಗೆ ಬಂದು ರಿಜಿಸ್ಟ್ರಿಯಲ್ಲಿ ಕೈ ಹಾಕಿ ಸರಿ ಮಾಡಿದ. ಮನೆಯವಳು ಅವನಿಗೆ ಚಹಾ ಕೊಟ್ಟು, “ಇವರ ಸಲುವಾಗಿ ಇದಕ್ಕ ಏನರ ಬೀಗ ಇರ್ತೈತೇನಪಾ?” ಎಂದು ವಿಚಾರಿಸಿದಳು.

ಬೀಗದ ಕೆಲಸ ನಾನೇ ಮಾಡಹೊರಟೆ. ಸಿ ಯನ್ನು ಇಕ್ಕಟ್ಟು ಮಾಡಿದರೆ ಅದರಲ್ಲಿ ಯಾರೂ ಏನೂ ಇಡಲಾರರು ಎಂಬುದು ನನ್ನ ತರ್ಕ. ಸಿ ಗೆ ಕನಿಷ್ಠ ಜಾಗ ಬಿಟ್ಟು ಉಳಿದದ್ದೆಲ್ಲ ಡಿ ಗೆ ಕೊಡು ಎಂದೆ. ಹುಡುಗ ಕೈ ಮುಗಿದ. ವಿಂಡೋಸ್ 11 ನಿಲ್ಲಲಿಕ್ಕೇ 64 ಜಿಬಿ ಡಿಸ್ಕ್ ಬೇಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅದರ ಮೇಲೆ ಅಪ್ಡೇಟುಗಳು, ತಾತ್ಕಾಲಿಕ ಫೈಲುಗಳು. ಸಿ ತುಂಬಿದರೆ ಯಂತ್ರ ತೆವಳುತ್ತದೆ. “ಸಿ ಗೂ ಉಸಿರಾಡಾಕ ಬಿಡ್ರಿ ಸರ” ಎಂದ.

ಇಷ್ಟೆಲ್ಲ ಕಲಿತವನು ಊರಿನಲ್ಲಿ ಸುಮ್ಮನಿರಲು ಸಾಧ್ಯವಿಲ್ಲ. ಹಳಿಯಾಳದಲ್ಲಿ ನನ್ನ ಷಡ್ಡಕನ ಗೊಬ್ಬರದ ಅಂಗಡಿ ಇದೆ. ಅವನ ಕಂಪ್ಯೂಟರ್ ನಿಧಾನವಾಗಿದೆ ಎಂದು ಸುದ್ದಿ ಬಂದದ್ದೇ ತಡ, ಬಸ್ಸು ಹತ್ತಿದೆ. ಅವನಿಗೊಂದು ಗೌರವ, “ಅಣ್ಣಾರ, ನೀವ ಬಂದ್ರೇನ್ರಿ!” ಎಂದು ಕುರ್ಚಿ ಎಳೆದ. ಕಬ್ಬಿನ ಸೀಸನ್; ಅಂಗಡಿ ತುಂಬ ರೈತರು, ಕನ್ನಡ–ಮರಾಠಿ ಎರಡರಲ್ಲೂ ಉದ್ರಿ ಕೇಳುವವರು. ಅಷ್ಟು ಜನರ ಮುಂದೆ ನಾನು ಮಾವನವರ ಸೂತ್ರವನ್ನು ನನ್ನ ಧ್ವನಿಯಲ್ಲಿ ಹೇಳಿದೆ. ಷಡ್ಡಕ ತಲೆದೂಗಿದ. “ನಂದು ಎಲ್ಲಾ ಡಿ ದಾಗ ಐತ್ರಿ ಅಣ್ಣಾರ. ಬಿಲ್, ಫೋಟೋ, ಎಲ್ಲಾ. ಟ್ಯಾಲಿ ಒಂದ ಸಿ ದಾಗ, ಅದು ಪ್ರೋಗ್ರಾಂ ಅಲ್ರೀ?”

ಪ್ರೋಗ್ರಾಂ ಹೌದು. ಆದರೆ ಅಂಗಡಿಯ ಉದ್ರಿ ಲೆಕ್ಕ ಎಲ್ಲಿದೆ? ಟ್ಯಾಲಿ ಪ್ರೈಮ್ ಹಾಕಿದಾಗ ನಾವು ಏನೂ ಹೇಳದಿದ್ದರೆ ಅದು ತನ್ನ ಡಾಟಾ ಫೋಲ್ಡರನ್ನು ಸಿ ಯಲ್ಲೇ, ಯೂಸರ್ಸ್ ಒಳಗಿನ ಪಬ್ಲಿಕ್ ಎಂಬಲ್ಲಿ ಮಾಡಿಕೊಳ್ಳುತ್ತದೆ. ವಿಳಾಸ ಬದಲಿಸಲು ಅದರಲ್ಲೇ ವ್ಯವಸ್ಥೆ ಇದೆ, ಯಾರೂ ಮುಟ್ಟುವುದಿಲ್ಲ. ತಾಲ್ಲೂಕಿನ ಅರ್ಧ ರೈತರ ಉದ್ರಿ ಸಿ ಯಲ್ಲಿದೆ ಎಂದು ತಿಳಿದಾಗ ಷಡ್ಡಕನ ಮುಖ ಬಿಳಿಚಿತು, ಬೆಂಚಿನ ಮೇಲಿದ್ದ ಒಂದಿಬ್ಬರ ಮುಖದಲ್ಲಿ ಕಳೆ ಬಂತು. “ಇರ್ಲಿ ಬಿಡ್ರಿ ಸಾವಕಾರ್ರ, ಒರಸ್ರಿ, ಹೊಸಾದು ಹಾಕಸ್ರಿ” ಎಂದು ಅವರಲ್ಲೊಬ್ಬರು ಬಹಳ ಕಾಳಜಿಯಿಂದ ಸಲಹೆ ಕೊಟ್ಟರು.

ಇದೇ ಈ ವಿದ್ಯೆಯ ಕಗ್ಗಂಟು. ಡಾಟಾ ಎಂದರೆ ನಾವು ಸೇವ್ ಮಾಡಿದ್ದು ಮಾತ್ರವಲ್ಲ. ಪ್ರೋಗ್ರಾಂಗಳು ನಮ್ಮನ್ನು ಕೇಳದೆ ಇಟ್ಟುಕೊಂಡದ್ದೂ ಡಾಟಾವೇ. ಬ್ರೌಸರಿನ ಬುಕ್‌ಮಾರ್ಕು, ಉಳಿಸಿಟ್ಟ ಪಾಸ್‌ವರ್ಡು, ಥಂಡರ್‌ಬರ್ಡಿನ ಅಂಚೆ ಎಲ್ಲವೂ ಯೂಸರ್ಸ್ ಒಳಗೆ ಆಪ್‌ಡಾಟಾ ಎಂಬ ಫೋಲ್ಡರಿನಲ್ಲಿರುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಮರೆಮಾಡಿರುತ್ತಾರೆ. ಇನ್ನು ಪ್ರೋಗ್ರಾಂಗಳನ್ನೇ ಡಿ ಗೆ ಎತ್ತಿಟ್ಟರೆ ಮರುಸ್ಥಾಪನೆಯ ರಗಳೆ ತಪ್ಪೀತೇ ಎಂದರೆ, ತಪ್ಪದು. ಪ್ರೋಗ್ರಾಂ ತನ್ನ ಗುರುತನ್ನೆಲ್ಲ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಬರೆಸಿರುತ್ತದೆ, ಕೆಲವು ಅಂಗಗಳನ್ನು ವಿಂಡೋಸ್ ಫೋಲ್ಡರಿನಲ್ಲೇ ಇಟ್ಟಿರುತ್ತದೆ. ಸಿ ಒರೆಸಿದ ಮೇಲೆ ಡಿ ಯಲ್ಲಿ ಉಳಿದ ಬಹುಪಾಲು ಪ್ರೋಗ್ರಾಂಗಳು ಐಕಾನ್ ತೋರಿಸುತ್ತವೆ, ಏಳುವುದಿಲ್ಲ. ಅದಕ್ಕೇ ಸಿಸ್ಟಂ ಮತ್ತು ಪ್ರೋಗ್ರಾಂ ಒಂದು ಕಡೆ, ಮನುಷ್ಯನದ್ದು ಇನ್ನೊಂದು ಕಡೆ.

ಷಡ್ಡಕನ ಮುಂದೆ ನಾನು ಯುನಿಕ್ಸ್ ಕಥೆಯನ್ನೂ ಹೇಳಿದೆ. ಅವನು ಆಗಲೇ ಪೆನ್‌ಡ್ರೈವ್ ತರಲು ಓಡಿದ್ದರಿಂದ ರೈತರಿಗೆ ಹೇಳಿದಂತಾಯಿತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುವಾಗ ಒಂದು ಡಿಸ್ಕಿನಲ್ಲಿ ಸಿಸ್ಟಂ, ಇನ್ನೊಂದರಲ್ಲಿ ಬಳಕೆದಾರರ ಮನೆ ಎಂದು ಇಟ್ಟಿದ್ದರು. ಆ ಎರಡನೆಯದಕ್ಕೆ ಯುಎಸ್‌ಆರ್ ಎಂದು ಹೆಸರು. ಸಿಸ್ಟಂ ಬೆಳೆದು ಮೊದಲ ಡಿಸ್ಕಿನಲ್ಲಿ ಹಿಡಿಸದೆ ಬಳಕೆದಾರರ ಮನೆಗೇ ನುಗ್ಗಿತು. ಕೊನೆಗೆ ಬಳಕೆದಾರರೇ ಮನೆ ಬಿಟ್ಟುಕೊಟ್ಟು ಬೇರೆಡೆ ಹೋದರು. ಇಂದಿನ ಲಿನಕ್ಸ್‌ನಲ್ಲೂ ಯುಎಸ್‌ಆರ್‌ನಲ್ಲಿ ಪ್ರೋಗ್ರಾಂಗಳೇ ಕೂತಿವೆ, ಜನ ಇರುವುದು ಹೋಮ್ ಎಂಬಲ್ಲಿ. ಆ ಹೋಮ್ ಅನ್ನು ಪ್ರತ್ಯೇಕ ಭಾಗವಾಗಿ ಇಟ್ಟರೆ ಲಿನಕ್ಸ್ ಎಷ್ಟು ಸಲ ಬದಲಿಸಿದರೂ ಮನೆ ಹಾಗೇ. “ಬಾಡಗಿದಾರ ಮಾಲಕನ್ನ ಹೊರಗ ಹಾಕಿದಂಗ ಆತಲ್ರೀ” ಎಂದು ಬೆಂಚಿನಿಂದ ಒಬ್ಬರು ಅಂದರು. ನನ್ನ ಉಪನ್ಯಾಸಗಳಿಗೆ ಇಷ್ಟು ಚುರುಕಾದ ಶ್ರೋತೃಗಳು ಎಂದೂ ಸಿಕ್ಕಿರಲಿಲ್ಲ.

ಹಳಿಯಾಳದಲ್ಲಿ ಗೆದ್ದ ಹುಮ್ಮಸ್ಸಿನಲ್ಲೇ ಮನೆಗೆ ಬಂದು, ಡಿ ಯಲ್ಲಿ ಸುರಕ್ಷಿತವಾಗಿದ್ದ ನನ್ನ ಹಳೆಯ ಲೇಖನವೊಂದನ್ನು ತೆರೆದೆ. ಲೇಖನ ಇತ್ತು. ಕನ್ನಡ ಇರಲಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಓರೆ ಗೆರೆ, ನಡುನಡುವೆ ಪೌಂಡ್ ಚಿಹ್ನೆ. “ಕನ್ನಡ” ಎಂದು ಬರೆದಿದ್ದೆಡೆ ಒಂದು ಪಿ, ಓರೆ ಗೆರೆಯ ಎ, ಒಂದು ಪೌಂಡ್. ಬ್ರಿಟಿಷರು ಮರಳಿ ಬಂದು ಮೊದಲು ನನ್ನ ಡಿ ಡ್ರೈವಿಗೇ ಇಳಿದಂತಿತ್ತು.

ಮುಂಡಗೋಡದಲ್ಲಿ ನನ್ನ ತಂಗಿಯ ಗಂಡ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಫೋನಿನಲ್ಲಿ ನಕ್ಕ. “ಭಾವಾರ, ನುಡಿ ಫಾಂಟ್ ಹೋಗೇತ್ರಿ. ಅದು ಸಿ ದಾಗ ಇತ್ತು.”

ಕನ್ನಡದವರಿಗೆ ಮಾತ್ರ ಸರಿಯಾಗಿ ಅರ್ಥವಾಗುವ ಸಂಕಟ ಇದು. ಬರಹ ತಂತ್ರಾಂಶ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎರಡೂ ಇಲ್ಲದಿದ್ದರೆ ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ, ಅವುಗಳ ಋಣ ದೊಡ್ಡದು. ಆದರೆ ಆಗಿನ ಹಳೆಯ ಫಾಂಟುಗಳು ಕೆಲಸ ಮಾಡುತ್ತಿದ್ದ ಬಗೆ ಹೀಗೆ: ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ. ಫಾಂಟು ಅವಕ್ಕೆ ಕನ್ನಡದ ಚಿತ್ರ ತೊಡಿಸುತ್ತದೆ. ಫಾಂಟು ಹೋದರೆ ವೇಷ ಕಳಚಿ ಬೀಳುತ್ತದೆ. ಅಂದರೆ ನನ್ನ ಡಾಟಾ ಡಿ ಯಲ್ಲಿದ್ದರೂ ಅದರ ಜೀವ ಸಿ ಯಲ್ಲಿತ್ತು. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಂದಿಗೆ ಅದನ್ನು ತೋರಿಸತೊಡಗಿತು. ಯೂನಿಕೋಡಿನಲ್ಲಿ ಬರೆದದ್ದು ಯಾವ ಯಂತ್ರಕ್ಕೆ ಹೋದರೂ, ಫೋನಿಗೆ ಹೋದರೂ, ಕನ್ನಡವಾಗಿಯೇ ಇರುತ್ತದೆ.

ತಂಗಿಯ ಗಂಡನ ಅಂಗಡಿಗೆ ಟಿಬೇಟಿ ಕ್ಯಾಂಪಿನ ಲಾಮಾಗಳೂ ಬರುತ್ತಾರೆ. 1966ರಿಂದ ಮುಂಡಗೋಡದಲ್ಲಿ ನೆಲೆ ನಿಂತ ಜನ. ಗಾಂದೆನ್, ದ್ರೆಪುಂಗ್‌ನಂಥ ದೊಡ್ಡ ಮಠಗಳನ್ನು ಇಲ್ಲಿ ಹೊಸದಾಗಿ ಕಟ್ಟಿಕೊಂಡವರು. ಒಮ್ಮೆ ನಾನು ಅಲ್ಲಿದ್ದಾಗ ಲಾಮಾ ಒಬ್ಬರು ಹಳೆಯ ಸಿಡಿ ಹಿಡಿದು ಬಂದರು. ಒಳಗೆ ಟಿಬೇಟಿ ಲಿಪಿಯ ಫೈಲು. ತೆರೆದರೆ ನನ್ನ ಲೇಖನದ್ದೇ ಅವತಾರ. ಟಿಬೇಟಿ ಲಿಪಿ ಯೂನಿಕೋಡಿಗೆ ಸೇರಿದ್ದು 1996ರಲ್ಲಿ, ವಿಂಡೋಸಿನಲ್ಲಿ ಅದಕ್ಕೆ ಫಾಂಟು ಬಂದದ್ದು 2007ರ ವಿಸ್ಟಾದಲ್ಲಿ. ಅದಕ್ಕೂ ಮೊದಲು ಅವರೂ ನಮ್ಮಂತೆಯೇ ವೇಷದ ಫಾಂಟುಗಳಲ್ಲಿ ಬರೆದವರು. ನಾನು ಅವರಿಗೆ ನನ್ನ ಕಥೆ ಹೇಳಿದೆ. ಅವರು ನಗುತ್ತ, ಸ್ವಚ್ಛ ಕನ್ನಡದಲ್ಲಿ, “ನಿಮ್ಮದು ಹೋದದ್ದು ಏನು ಬರಹ?” ಎಂದು ಕೇಳಿದರು. ಹಾಸ್ಯ ಲೇಖನ ಎಂದೆ. ಅವರದ್ದು ಪ್ರಾರ್ಥನೆಯ ಪಾಠವಂತೆ. ಇಬ್ಬರಲ್ಲಿ ಯಾರ ಫೈಲು ಮೊದಲು ತೆರೆಯಬೇಕು ಎಂದು ತಂಗಿಯ ಗಂಡ ನನ್ನ ಮುಖ ನೋಡಲೇ ಇಲ್ಲ.

ಇನ್ನು ಡಿ ಎಂಬ ಎತ್ತರದ ಊರಿನ ಬಗ್ಗೆ ಒಂದು ಕಹಿ ಸತ್ಯ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾಲು. ಡಿಸ್ಕೇ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಈಗ ಬಹಳ ಜನ ಎಸ್‌ಎಸ್‌ಡಿ ಹಾಕಿಸಿ ಸಿ ಯನ್ನು ಅದರಲ್ಲಿಟ್ಟು, ಹಳೇ ಹಾರ್ಡ್ ಡಿಸ್ಕನ್ನು ಡಿ ಮಾಡುತ್ತಾರೆ. ಯಂತ್ರ 'ಫಳ್' ಎಂದು ಏಳುತ್ತದೆ, ನಿಜ. ಆದರೆ ಮತ್ತೆ ಸಿಗುವ ವಿಂಡೋಸಿಗೆ ಹೊಸ ಮನೆ, ಮತ್ತೆ ಸಿಗದ ಅಜ್ಜನ ಫೋಟೋಗೆ ಟಕಟಕ ಸದ್ದು ಮಾಡುವ ಹಳೇ ಡಿಸ್ಕು! ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಹೇಳಿಕೊಟ್ಟ ಲೆಕ್ಕ ಪ್ರಸಿದ್ಧ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ಹೊರಗೆ ಎಂದರೆ ಕ್ಲೌಡ್ ಎಂದು ಮಗ ಹುಬ್ಬಳ್ಳಿಯಿಂದ ಬೋಧಿಸುತ್ತಾನೆ. ಗೂಗಲ್ 15 ಜಿಬಿ ಪುಕ್ಕಟೆ ಕೊಡುತ್ತದೆ, ಒನ್‌ಡ್ರೈವ್ 5 ಜಿಬಿ. ನನ್ನ ಕೊಂಬೆಗಳೇ ಅದಕ್ಕಿಂತ ಹೆಚ್ಚಿವೆ.

ಹೀಗಾಗಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು, ಎಲ್ಲ ತುಂಬಿ, ರಾಮನಗರಕ್ಕೆ ಹೋಗಿ ಮಾವನವರ ಕೈಗೆ ಕೊಟ್ಟೆವು. ಅವರು ಅದನ್ನು ತಿರುಗಿಸಿ ನೋಡಿ, ಕಬ್ಬಿಣದ ಕಪಾಟಿನಲ್ಲಿ ಜಮೀನಿನ ಕಾಗದದ ಪಕ್ಕ ಇಟ್ಟು ಬೀಗ ಹಾಕಿದರು. ಆರು ತಿಂಗಳಿಗೊಮ್ಮೆ ಅದನ್ನು ತಂದು ಹೊಸದು ತುಂಬಿಸಬೇಕು ಎಂಬುದು ಒಪ್ಪಂದ. ಈ ನೆಪದಲ್ಲಿ ಮಗಳು ತವರಿಗೆ ಬರುತ್ತಾಳೆಂದು ಅತ್ತೆಯವರು ಬ್ಯಾಕಪ್ಪಿನ ದೊಡ್ಡ ಬೆಂಬಲಿಗರಾಗಿದ್ದಾರೆ.

ಓದುಗರಲ್ಲಿ ಒಂದು ವಿನಂತಿ ಮಾತ್ರ. ನಿಮ್ಮಲ್ಲಿ ಹಳೆಯ ನುಡಿ, ಬರಹ ಫಾಂಟಿನ ಫೈಲುಗಳಿದ್ದರೆ, ಆ ಫಾಂಟು ಇನ್ನೂ ಬದುಕಿರುವ ಯಂತ್ರ ಮನೆಯಲ್ಲಿರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ; ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಏಕೆಂದರೆ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಅದು ಕನ್ನಡವೆಂದೇ ತಿಳಿದು ಏನೇನೋ ಮಾಡಿರುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.